ಪಿಎಸ್‌ಡಿ-95: ಸಿನಾಪ್ಸಿನ ಆಸರೆ ಪ್ರೋಟೀನಿನ ಇತಿಹಾಸ

ಪಿಎಸ್‌ಡಿ-95 ಮಿದುಳಿನ ಉದ್ದೀಪಕ ಸಿನಾಪ್ಸುಗಳಲ್ಲಿ ಹೇರಳವಾಗಿರುವ ಆಸರೆ ಪ್ರೋಟೀನ್. ಸಂಕೇತ ಪಡೆಯುವ ನರಕೋಶದ ಪೊರೆಯಡಿಯಲ್ಲಿದ್ದು, ಗ್ರಾಹಕಗಳನ್ನೂ ಕಿಣ್ವಗಳನ್ನೂ ಒಂದೆಡೆ ಹಿಡಿದಿಡುತ್ತದೆ. ಅಲ್ಲಿನ ದಟ್ಟ ಪದರ 1950ರ ದಶಕದಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಂಡಿತ್ತು. 1959ರಲ್ಲಿ ಇ. ಜಿ. ಗ್ರೇ ಆ ಪದರದ ದಪ್ಪವನ್ನೂ ಗಮನಿಸಿ ಸಿನಾಪ್ಸುಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು.

ಪ್ರೋಟೀನು ಯಾವ ಕಡೆಗೆ ಸೇರಿದ್ದು ಎಂಬಲ್ಲಿ ಮೊದಲ ಗೊಂದಲ ಹುಟ್ಟಿತು. 1992ರಲ್ಲಿ ಕ್ಯಾಲ್‌ಟೆಕ್‌ನ ಕ್ಯುಂಗ್-ಓಕ್ ಚೋ, ಕ್ಯಾರೊಲಿನ್ ಹಂಟ್ ಮತ್ತು ಮೇರಿ ಕೆನೆಡಿ ಇಲಿಯ ಮಿದುಳಿನಿಂದ ಬೇರ್ಪಡಿಸಿದ ದಟ್ಟ ಪದರದಲ್ಲಿ ಇದನ್ನು ಗುರುತಿಸಿದರು. ಹಣ್ಣುನೊಣದಲ್ಲಿ ಗಡ್ಡೆ ಬೆಳೆಯದಂತೆ ತಡೆಯುವ ಡಿಎಲ್‌ಜಿ ಪ್ರೋಟೀನನ್ನು ಇದು ಹೋಲುತ್ತಿತ್ತು. ಮರುವರ್ಷವೇ ಇನ್ನೊಂದು ತಂಡ ಇದೇ ಪ್ರೋಟೀನನ್ನು ಎಸ್‌ಎಪಿ-90 ಎಂಬ ಹೆಸರಿನಲ್ಲಿ ಪ್ರಕಟಿಸಿ, ಇದು ಸಂಕೇತ ಕಳಿಸುವ ಕಡೆಯದು ಎಂದಿತು. ಆ ತಂಡ ನೋಡಿದ್ದು ಕಿರುಮೆದುಳನ್ನು. ಅಲ್ಲಿ ಪುರ್ಕಿಂಜೆ ಕೋಶಗಳ ಬುಡವನ್ನು ಸುತ್ತುವ ಬ್ಯಾಸ್ಕೆಟ್ ಕೋಶಗಳ ತುದಿಗಳಲ್ಲಿ ಪ್ರೋಟೀನು ನಿಜಕ್ಕೂ ತುಂಬಿಕೊಂಡಿತ್ತು. 1996ರಲ್ಲಿ ಕೆನೆಡಿ ಅವರ ಪ್ರಯೋಗಾಲಯ ಮುಮ್ಮೆದುಳನ್ನು ಪರಿಶೀಲಿಸಿ, ಅಲ್ಲಿ ಅದು ಸಂಕೇತ ಪಡೆಯುವ ಕಡೆಯಲ್ಲೇ ಇದೆಯೆಂದು ತೋರಿಸಿತು. ಎರಡೂ ತಂಡಗಳು ಕಂಡದ್ದು ಸರಿಯೇ. ಹಳೆಯ ಬರಹಗಳನ್ನು ಓದುವವರು ಎರಡು ಹೆಸರುಗಳನ್ನು ಎರಡು ಪ್ರೋಟೀನುಗಳೆಂದು ತಿಳಿಯಬಾರದು.

ರಚನೆಯ ವಿಷಯದಲ್ಲಿ ಇಂಥ ತಕರಾರು ಕಡಿಮೆ. ಸಾಲಾಗಿ ಮೂರು ಪಿಡಿಝಡ್ ಘಟಕಗಳು, ಆಮೇಲೆ ಒಂದು ಎಸ್‌ಎಚ್3, ಕೊನೆಗೆ ಕಿಣ್ವದ ರೂಪವಿದ್ದರೂ ಕಿಣ್ವದ ಕೆಲಸ ಮಾಡದ ಜಿಕೆ ಘಟಕ. ಪಿಡಿಝಡ್ ಘಟಕಗಳು ಎನ್‌ಎಂಡಿಎ ಗ್ರಾಹಕಗಳ ಬಾಲವನ್ನೂ ಪೊಟ್ಯಾಸಿಯಂ ನಾಳಗಳ ಬಾಲವನ್ನೂ ಹಿಡಿಯುತ್ತವೆಂದು 1995ರಲ್ಲಿ ತಿಳಿಯಿತು. ಹಿಡಿಯುವ ಬಗೆಯನ್ನು ಮರುವರ್ಷ ಡೆಕ್ಲನ್ ಡಾಯ್ಲ್, ರೋಡೆರಿಕ್ ಮ್ಯಾಕಿನನ್ ಮತ್ತು ಸಂಗಡಿಗರು ಮೂರನೇ ಪಿಡಿಝಡ್ ಘಟಕದ ಹರಳಿನಲ್ಲಿ ಕಂಡರು: ಚಾಪೆಯ ಅಂಚಿಗೆ ಇನ್ನೊಂದು ಕಡ್ಡಿ ಸೇರಿಸಿ ನೇಯ್ದಂತೆ, ಬಾಲವು ಘಟಕದ ಬೀಟಾ ಹಾಳೆಗೆ ಹೊಸ ಎಳೆಯಾಗಿ ಕೂಡಿಕೊಳ್ಳುತ್ತದೆ. ಬಾಲದ ಕಟ್ಟಕಡೆಯ ವ್ಯಾಲೀನ್ ನೀರೊಲ್ಲದ ಗುಳಿಯೊಂದರಲ್ಲಿ ಕೂರುತ್ತದೆ. ಅದಕ್ಕಿಂತ ಎರಡು ಸ್ಥಾನ ಹಿಂದಿರುವ ಥ್ರಿಯೊನೀನ್ ಘಟಕದ ಹಿಸ್ಟಿಡೀನ್ ಜೊತೆ ಹೈಡ್ರೋಜನ್ ಬಂಧ ಬೆಳೆಸುತ್ತದೆ.

ಎನ್‌ಎಂಡಿಎ ಗ್ರಾಹಕಗಳನ್ನು ಸಿನಾಪ್ಸಿನಲ್ಲಿ ನಿಲ್ಲಿಸುವುದೇ ಇದರ ಕೆಲಸ ಎಂಬ ನಂಬಿಕೆಗೆ 1998ರಲ್ಲಿ ದೊಡ್ಡ ಪೆಟ್ಟು ಬಿತ್ತು. ಈ ಪ್ರೋಟೀನು ಕೆಟ್ಟ ಇಲಿಗಳಲ್ಲಿ ಆ ಗ್ರಾಹಕಗಳು ಇದ್ದಲ್ಲೇ ಇದ್ದವು. ಸಿನಾಪ್ಸುಗಳ ಬಲವರ್ಧನೆ ಕುಗ್ಗುವ ಬದಲು ಹೆಚ್ಚಿತು, ಆದರೂ ಇಲಿಗಳ ಕಲಿಕೆ ಕುಂಠಿತವಾಯಿತು. ಈ ಇತಿಹಾಸದ ನಿಜವಾದ ತಿರುವು ಇದೇ. ಎರಡು ವರ್ಷಗಳಲ್ಲಿ ಗಮನ ಎಎಂಪಿಎ ಗ್ರಾಹಕಗಳತ್ತ ಹೊರಳಿತು. ಅವುಗಳನ್ನು ಪಿಎಸ್‌ಡಿ-95 ನೇರವಾಗಿ ಹಿಡಿಯದೆ ಸ್ಟಾರ್‌ಗೇಜಿನ್ ಎಂಬ ಪ್ರೋಟೀನಿನ ಮೂಲಕ ಹಿಡಿಯುತ್ತದೆ.

2005ರ ಎಣಿಕೆಯಲ್ಲಿ ಇಲಿಯ ಮುಮ್ಮೆದುಳಿನ ಒಂದೊಂದು ದಟ್ಟ ಪದರದಲ್ಲೂ ಸರಾಸರಿ 300 ಪಿಎಸ್‌ಡಿ-95 ಅಣುಗಳು ಸಿಕ್ಕವು. ಪಿಎಸ್‌ಡಿ-95 ಮತ್ತು ಅದೇ ಪದರದ ಸಿನ್‌ಗ್ಯಾಪ್ ಎಂಬ ಪ್ರೋಟೀನು ಬೆರೆತಾಗ ದ್ರವದ ಹನಿಗಳಾಗಿ ಬೇರ್ಪಡುತ್ತವೆಂದು ಹಾಂಗ್‌ಕಾಂಗ್‌ನ ಮಿಂಗ್ಜಿ ಝಾಂಗ್ ಅವರ ತಂಡ 2016ರಲ್ಲಿ ತೋರಿಸಿತು. ಜೀವಂತ ಸಿನಾಪ್ಸಿನಲ್ಲೂ ಪದರ ಹೀಗೆಯೇ ಕಟ್ಟಿಕೊಳ್ಳುತ್ತದೆಯೇ ಎಂಬುದು ಇನ್ನೂ ಚರ್ಚೆಯಲ್ಲಿದೆ.

ಚಿಕಿತ್ಸೆಯ ಹಾದಿ ಹುಟ್ಟಿದ್ದು ಬಾಲದ ಆ ಹಿಡಿತದಿಂದಲೇ. ಎನ್‌ಎಂಡಿಎ ಗ್ರಾಹಕದ ಕೊನೆಯ ಒಂಬತ್ತು ಅಮೈನೊ ಆಮ್ಲಗಳನ್ನು ನಕಲು ಮಾಡಿದ ಪೆಪ್ಟೈಡು ಆ ಬಂಧವನ್ನು ಬಿಡಿಸಿ ಪಾರ್ಶ್ವವಾಯುವಿನ ಹಾನಿಯನ್ನು ಇಲಿಗಳಲ್ಲಿ ತಗ್ಗಿಸಿತೆಂದು ಟೊರಾಂಟೊದ ತಂಡ 2002ರಲ್ಲಿ ವರದಿ ಮಾಡಿತು. ನೆರಿನೆಟೈಡ್ ಎಂಬ ಹೆಸರಿನಲ್ಲಿ ಅದು 1,105 ರೋಗಿಗಳ ಪರೀಕ್ಷೆಗೆ ಒಳಪಟ್ಟು, 2020ರಲ್ಲಿ ಫಲಿತಾಂಶ ಬಂದಾಗ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ರಕ್ತದ ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಪಡೆದವರ ರಕ್ತದಲ್ಲಿ ಪೆಪ್ಟೈಡಿನ ಮಟ್ಟ ಕುಸಿದಿತ್ತು. ಅಂಥ ಔಷಧ ಪಡೆಯದವರಲ್ಲೇ ನಡೆಸಿದ ಮುಂದಿನ ಪರೀಕ್ಷೆಯೂ ಪ್ರಯೋಜನ ತೋರಿಸಲಿಲ್ಲ.