‘ಪೊನೇರೊಸ್’: ಒಂದು ಪದದ ಅರ್ಥಚರಿತ್ರೆ

ಕ್ರೈಸ್ತರ ಹೊಸ ಒಡಂಬಡಿಕೆಯ ಗ್ರೀಕ್ ಪಠ್ಯದಲ್ಲಿ ಕೆಡುಕನ್ನು ಸೂಚಿಸಲು ‘ಕಕೊಸ್’, ‘ಪೊನೇರೊಸ್’ ಎಂಬ ಎರಡು ಪದಗಳು ಪ್ರಮುಖವಾಗಿ ಬಳಕೆಯಾಗಿವೆ. ಇವುಗಳಲ್ಲಿ ಎರಡನೆಯದರ ಚರಿತ್ರೆಯು ಕೇವಲ ಧರ್ಮಶಾಸ್ತ್ರಕ್ಕೆ ಸೀಮಿತವಾದುದಲ್ಲ. ದುಡಿಮೆ, ಬಡತನ ಹಾಗೂ ಔದಾರ್ಯಗಳನ್ನು ಕುರಿತ ಸಾಮಾಜಿಕ ನಿಲುವುಗಳೂ ಅದರಲ್ಲಿ ಅಡಕವಾಗಿವೆ.

ಈ ಪದದ ಮೂಲ ‘ಪೊನೊಸ್’. ಎಂದರೆ ಶ್ರಮ, ಬವಣೆ. ಬಡವನೆಂಬ ಅರ್ಥದ ‘ಪೆನೇಸ್’ ಕೂಡ ಇದೇ ಧಾತುವಿಗೆ ಸೇರಿದುದು. ಪ್ರಾಚೀನ ಪ್ರಯೋಗಗಳಲ್ಲಿ ‘ಪೊನೇರೊಸ್’ ಎಂದರೆ ಕಷ್ಟಕ್ಕೆ ಸಿಲುಕಿದವನು. ಕಾಲಕ್ರಮದಲ್ಲಿ ಅದು ಹೀನನೆಂಬ ಅರ್ಥಕ್ಕೆ ಜಾರಿತು. ಝೆನೊಫೋನನ ಹೆಸರಿನಲ್ಲಿ ಉಳಿದುಬಂದಿದ್ದರೂ ಅವನದಲ್ಲವೆಂದು ವಿದ್ವಾಂಸರು ಭಾವಿಸುವ, ಅಥೆನ್ಸಿನ ರಾಜ್ಯವ್ಯವಸ್ಥೆಯನ್ನು ಕುರಿತ ಕ್ರಿ.ಪೂ. 5ನೆಯ ಶತಮಾನದ ಕೃತಿಯೊಂದು ಸಾಮಾನ್ಯ ಜನರನ್ನು ಈ ಪದದಿಂದಲೇ ನಿರ್ದೇಶಿಸುತ್ತದೆ. ಕುಲೀನರನ್ನು ‘ಯೋಗ್ಯರು’ ಎನ್ನುತ್ತದೆ. ದುಡಿಯುವವನ ಬವಣೆಯೇ ಅವನ ದೋಷವೆನಿಸಿದ ಬಗೆಯಿದು.

ಕ್ರಿ.ಪೂ. 3ನೆಯ ಶತಮಾನದಿಂದ ಹೀಬ್ರೂ ಧರ್ಮಗ್ರಂಥಗಳು ಗ್ರೀಕಿಗೆ ಅನುವಾದಗೊಂಡಾಗ ಈ ಪದಕ್ಕೆ ಇನ್ನೊಂದು ಪರಂಪರೆ ಸೇರಿತು. ಹೀಬ್ರೂವಿನಲ್ಲಿ ‘ಕೆಟ್ಟ ಕಣ್ಣು’ ಎಂಬುದು ಜಿಪುಣತನ ಹಾಗೂ ಅಸೂಯೆಗಳನ್ನು ಸೂಚಿಸುವ ನುಡಿಗಟ್ಟು. ಸಾಲಮನ್ನಾದ ಏಳನೆಯ ವರ್ಷ ಸಮೀಪಿಸಿತೆಂದು ಬಡ ಸಹೋದರನಿಗೆ ಕೊಡಲು ಹಿಂಜರಿಯುವವನ ಕಣ್ಣನ್ನು ಧರ್ಮೋಪದೇಶಕಾಂಡದ 15ನೆಯ ಅಧ್ಯಾಯವು ಹೀಗೆಯೇ ವರ್ಣಿಸುತ್ತದೆ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ‘ಪೊನೇರೊಸ್’ ಕಣ್ಣಿನ ಮಾತು ಬರುವುದೂ ಸಂಪತ್ತನ್ನು ಕುರಿತ ಎರಡು ಬೋಧನೆಗಳ ನಡುವೆಯೇ ಎಂಬುದು ಗಮನಾರ್ಹ.

ಅದೇ ಅಧ್ಯಾಯದ ಪ್ರಾರ್ಥನೆಯ ಕೊನೆಯ ಬೇಡಿಕೆಯು ದೀರ್ಘ ಚರ್ಚೆಗೆ ಎಡೆಮಾಡಿದೆ. ಕನ್ನಡದಲ್ಲಿ ಕೇಡು ಬೇರೆ, ಕೇಡಿಗ ಬೇರೆ. ಅಲ್ಲಿಯ ಗ್ರೀಕ್ ವಿಭಕ್ತಿರೂಪದಲ್ಲಾದರೋ ಪುಲ್ಲಿಂಗ, ನಪುಂಸಕಲಿಂಗಗಳ ಭೇದ ತೋರದು. ಕ್ರಿಸೊಸ್ಟೊಮ್ ಅದನ್ನು ಸೈತಾನನೆಂದು ಗ್ರಹಿಸಿದನು. ಲ್ಯಾಟಿನ್ ಪಠ್ಯವನ್ನು ಅನುಸರಿಸಿದ ಅಗಸ್ಟೀನನು ಕೇಡೆಂದು ವ್ಯಾಖ್ಯಾನಿಸಿದನು. 1881ರ ಪರಿಷ್ಕೃತ ಇಂಗ್ಲಿಷ್ ಅನುವಾದವು ‘ಕೇಡಿಗ’ ಎಂಬ ಅರ್ಥವನ್ನು ಸ್ವೀಕರಿಸಿದಾಗ ತೀವ್ರ ವಿವಾದವೆದ್ದಿತು.

ಈ ವಿವಾದದ ನಡುವೆ ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷಿತೋಟದ ಸಾಮತಿಯನ್ನು ಮರೆಯಲಾಗದು. ಒಂದೇ ತಾಸು ದುಡಿದವರಿಗೂ ಪೂರ್ಣ ಕೂಲಿ ದೊರೆತುದನ್ನು ಕಂಡು, ದಿನವಿಡೀ ಬಿಸಿಲಲ್ಲಿ ದುಡಿದವರು ಗೊಣಗುತ್ತಾರೆ. ತಾನು ಒಳ್ಳೆಯವನಾದುದಕ್ಕೆ ನಿನ್ನ ಕಣ್ಣು ‘ಪೊನೇರೊಸ್’ ಆಯಿತೇ ಎಂದು ಯಜಮಾನನು ಪ್ರಶ್ನಿಸುತ್ತಾನೆ. ಒಮ್ಮೆ ದುಡಿಯುವವನ ಸ್ಥಾನವನ್ನು ಹೀಗಳೆದ ಪದವು ಇಲ್ಲಿ ಯಾರ ಸ್ಥಾನವನ್ನೂ ಹೇಳುವುದಿಲ್ಲ. ನೆರೆಯವನ ಅನ್ನವನ್ನು ಸಹಿಸದ ನೋಟವನ್ನು ಹೆಸರಿಸುತ್ತದೆ.