ಸ್ಟುಡಿಯೋ ಮಾನಿಟರ್‌ಗೆ ಎಷ್ಟು ವ್ಯಾಟಿನ ಆಂಪ್ಲಿಫೈಯರ್ ಬೇಕು?

“ಸ್ಪೀಕರ್ 60 ವ್ಯಾಟಿನದ್ದಾದರೆ ಆಂಪ್ಲಿಫೈಯರ್ 30 ವ್ಯಾಟಿನದ್ದೇ ಇರಲಿ, ಆಗ ಸ್ಪೀಕರ್ ಸುಡುವುದಿಲ್ಲ.” ಮೈಕ್‌ಸೆಟ್ ಅಂಗಡಿಗಳಲ್ಲಿ ಈ ಸಲಹೆಯನ್ನು ನೀವೂ ಕೇಳಿರಬಹುದು. ಸರಿಯಿದೆ ಎನಿಸುವ ಮಾತೇ. ಆದರೆ ಸಣ್ಣ ಆಂಪ್ಲಿಫೈಯರ್ ಸ್ಪೀಕರನ್ನು ಕಾಪಾಡುತ್ತದೆ ಎಂಬ ಖಾತರಿ ಇಲ್ಲ. ಕೆಲವೊಮ್ಮೆ ಸ್ಪೀಕರ್ ಸುಡಲು ಅದೇ ಕಾರಣವಾಗುತ್ತದೆ.

ಯಲ್ಲಾಪುರದ ನಂದೊಳ್ಳಿಯಿರಲಿ, ಶಿರಸಿ, ಸಿದ್ದಾಪುರದ ಕಡೆಯ ಹಳ್ಳಿಗಳಿರಲಿ, ಯಕ್ಷಗಾನದ ಪದ್ಯಗಳನ್ನೋ ತಾಳಮದ್ದಳೆಯನ್ನೋ ದಾಖಲಿಸಿಕೊಳ್ಳಲು ಈಗ ದೊಡ್ಡ ಊರಿನ ಸ್ಟುಡಿಯೋಕ್ಕೆ ಹೋಗಬೇಕಿಲ್ಲ. ಎರಡು ಮೈಕು, ಒಂದು ಆಡಿಯೋ ಇಂಟರ್‌ಫೇಸ್, ಲ್ಯಾಪ್‌ಟಾಪ್ ಇದ್ದರೆ ಮೆತ್ತಿನ ಮೇಲಿನ ಕೋಣೆಯೇ ಸಾಕು. ದಾಖಲಿಸಿದ್ದನ್ನು ಕೇಳಿ ತಿದ್ದಲು ಮಾನಿಟರ್ ಸ್ಪೀಕರ್ ಬೇಕು. ಇಂದಿನ ಹೆಚ್ಚಿನ ಮಾನಿಟರ್‌ಗಳಲ್ಲಿ ಆಂಪ್ಲಿಫೈಯರ್ ಒಳಗೇ ಇರುತ್ತದೆ. ಅವು ಆಕ್ಟಿವ್. ಒಳಗೆ ಆಂಪ್ಲಿಫೈಯರ್ ಇಲ್ಲದವು ಪ್ಯಾಸಿವ್. ಹಳೆಯ ಸ್ಟುಡಿಯೋಗಳಿಂದ ಸೆಕೆಂಡ್‌ಹ್ಯಾಂಡ್ ಆಗಿ ಬರುವವು ಬಹುಪಾಲು ಇಂಥವೇ. 1978ರಲ್ಲಿ ಮನೆಬಳಕೆಗೆಂದು ಬಂದು, ಮುಂದೆ ಜಗತ್ತಿನ ಸ್ಟುಡಿಯೋಗಳಲ್ಲೆಲ್ಲ ಬೆಳ್ಳನೆಯ ಕೋನಿನಿಂದ ಗುರುತಾದ ಯಮಹಾ ಎನ್‌ಎಸ್-10 ಕೂಡ ಪ್ಯಾಸಿವ್ ಸ್ಪೀಕರೇ.

ಆಂಪ್ಲಿಫೈಯರ್ ಸರಿಯಿಲ್ಲದಿದ್ದರೆ ಹಾಳಾಗುವುದು ಸ್ಪೀಕರ್ ಮಾತ್ರವಲ್ಲ. ಆಂಪ್ಲಿಫೈಯರ್ ತಾನೇ ಧ್ವನಿಯನ್ನು ಒಡೆಯುತ್ತಿದ್ದರೆ, ಆ ಒಡಕು ರೆಕಾರ್ಡಿಂಗಿನಲ್ಲೇ ಇದೆ ಎಂದುಕೊಂಡು ನೀವು ಸರಿಯಿದ್ದುದನ್ನು ತಿದ್ದಲು ಹೊರಡುತ್ತೀರಿ. ವಯಸ್ಸಾದ ಭಾಗವತರೊಬ್ಬರ ಪದ್ಯಗಳನ್ನು ಇನ್ನೊಮ್ಮೆ ದಾಖಲಿಸುವ ಅವಕಾಶ ಸಿಕ್ಕೇ ಸಿಗುತ್ತದೆ ಎನ್ನಲಾಗದು.

ಸಣ್ಣ ಆಂಪ್ಲಿಫೈಯರ್ ಹೇಗೆ ಸುಡುತ್ತದೆ?

ಮೊದಲು ತಿಳಿಯಬೇಕಾದದ್ದು: ಆಂಪ್ಲಿಫೈಯರ್ ತನ್ನ ವ್ಯಾಟನ್ನೆಲ್ಲ ಸ್ಪೀಕರಿನೊಳಗೆ ತುರುಕುವುದಿಲ್ಲ. ಟ್ಯಾಂಕಿನಲ್ಲಿ ಸಾವಿರ ಲೀಟರ್ ನೀರಿದ್ದರೂ ನಲ್ಲಿ ತಿರುಗಿಸಿದಷ್ಟೇ ಬರುತ್ತದೆ. 100 ವ್ಯಾಟಿನ ಆಂಪ್ಲಿಫೈಯರಿನಲ್ಲಿ ಸಣ್ಣ ದನಿಯಲ್ಲಿ ಹಾಡು ಕೇಳುವಾಗ ಸ್ಪೀಕರಿಗೆ ಹೋಗುವುದು ಸರಾಸರಿ ಒಂದು ವ್ಯಾಟಿಗಿಂತಲೂ ಕಡಿಮೆ ಇರಬಹುದು.

ಆಂಪ್ಲಿಫೈಯರಿನ ಮಿತಿ ಮೀರಿದಾಗ ತೊಂದರೆ ಶುರುವಾಗುತ್ತದೆ. ಧ್ವನಿಯ ಅಲೆ ಎಷ್ಟು ಎತ್ತರಕ್ಕೆ ಹೋಗಬೇಕೋ ಅಷ್ಟು ಹೋಗಲಾರದೆ ಅದರ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ನುಣುಪಾದ ಅಲೆಯಲ್ಲಿ 50 ವ್ಯಾಟ್ ಕೊಡುವ ಆಂಪ್ಲಿಫೈಯರ್, ಪೂರ್ತಿ ಚಪ್ಪಟೆಯಾದ ಚೌಕದಲೆಯಲ್ಲಿ 100 ವ್ಯಾಟಿನವರೆಗೂ ಕೊಡಬಲ್ಲದು. ಜೊತೆಗೆ, ಮಂದ್ರದ ದೊಡ್ಡ ಅಲೆಗಳು ಚಪ್ಪಟೆಯಾಗಿ ನಿಂತುಬಿಟ್ಟರೂ ವಾಲ್ಯೂಮ್ ಏರಿಸಿದಂತೆ ತಾಳ, ಗೆಜ್ಜೆಯಂಥ ಸಣ್ಣ ತಾರ ಧ್ವನಿಗಳು ಏರುತ್ತಲೇ ಹೋಗುತ್ತವೆ. ಅಲೆ ಕತ್ತರಿಸಿದ್ದರಿಂದ ಹುಟ್ಟಿದ ಹೊಸ ತಾರ ಸ್ವರಗಳೂ ಅವಕ್ಕೆ ಸೇರಿಕೊಳ್ಳುತ್ತವೆ. ಇವೆಲ್ಲ ಹೋಗುವುದು ಟ್ವೀಟರಿಗೆ. ಅದರ ಸುರುಳಿಯ ತಂತಿ ತೀರಾ ತೆಳು. ಪೆಟ್ಟಿಗೆಯ ಹಿಂದೆ 60 ವ್ಯಾಟ್ ಎಂದು ಬರೆದಿದ್ದರೂ ಟ್ವೀಟರ್ ಒಂದೇ ಸಮನೆ ತಾಳಿಕೊಳ್ಳುವುದು ಅದರ ಒಂದು ಸಣ್ಣ ಪಾಲನ್ನು ಮಾತ್ರ.

“ಕ್ಲಿಪ್ ಆದಾಗ ಡಿಸಿ ಕರೆಂಟ್ ಹೋಗಿ ಸುಡುತ್ತದೆ” ಎನ್ನುವವರೂ ಇದ್ದಾರೆ. ಅದು ಸರಿಯಲ್ಲ. ಚಪ್ಪಟೆಯಾದ ಅಲೆಯೂ ಮೇಲೆ ಕೆಳಗೆ ತೂಗುತ್ತಲೇ ಇರುತ್ತದೆ. ನಿಜವಾದ ಡಿಸಿ ಬರುವುದು ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಸತ್ತಾಗ. ಆಗ ಸುಡುವುದು ಹೆಚ್ಚಾಗಿ ವೂಫರ್. ಇದನ್ನು ತಡೆಯಲು ಒಳಗೊಂದು ರಕ್ಷಣಾ ರಿಲೇ ಇರಬೇಕು. ಆನ್ ಮಾಡಿದ ಎರಡು ಮೂರು ಸೆಕೆಂಡಿಗೆ ‘ಟಕ್’ ಎನ್ನುವುದು ಸಾಮಾನ್ಯವಾಗಿ ಅದೇ. ಅಸೆಂಬಲ್ ಮಾಡಿಸುವವರು ಇದೊಂದನ್ನು ಬಿಡಲೇಬಾರದು.

ಹಾಗಾದರೆ ಎಷ್ಟು ವ್ಯಾಟ್?

ಸ್ಪೀಕರಿನ ಹಿಂದಿರುವ ವ್ಯಾಟಿಗಿಂತ ಮುಖ್ಯವಾದದ್ದು ಅದರ ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದು. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್, ಹತ್ತು ಪಟ್ಟಾದರೆ 10 ಡೆಸಿಬೆಲ್. 50ರ ಬದಲು 60 ವ್ಯಾಟಿನದನ್ನು ಕೊಂಡರೆ ಕಿವಿಗೆ ವ್ಯತ್ಯಾಸವೇ ತಿಳಿಯದು.

ಸೆನ್ಸಿಟಿವಿಟಿ 87 ಡೆಸಿಬೆಲ್ ಇರುವ ಸ್ಪೀಕರಿನಿಂದ ನೀವು ಒಂದು ಮೀಟರ್ ದೂರದಲ್ಲಿ ಕುಳಿತಿದ್ದೀರಿ ಎನ್ನೋಣ. ಸರಾಸರಿ 80 ಡೆಸಿಬೆಲ್‌ನಲ್ಲಿ ಕೇಳುತ್ತೀರಿ. ಮಿಕ್ಸ್ ಮಾಡದ ರೆಕಾರ್ಡಿಂಗಿನಲ್ಲಿ ಚಂಡೆಯ ಪೆಟ್ಟಿನಂಥ ಕ್ಷಣಗಳು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹೋಗಬಹುದು, ಅಂದರೆ 100ಕ್ಕೆ. 87ರಿಂದ 100ಕ್ಕೆ 13 ಡೆಸಿಬೆಲ್. ಅದಕ್ಕೆ ಬೇಕಾದದ್ದು 20 ವ್ಯಾಟ್. ಒಂದೂವರೆ ಮೀಟರ್ ದೂರ ಕುಳಿತರೆ ಸುಮಾರು 45 ವ್ಯಾಟ್. ಅಲ್ಲೇ ಕುಳಿತು ಸರಾಸರಿಯನ್ನು 85ಕ್ಕೆ ಏರಿಸಿದಿರೋ, 140ರ ಆಸುಪಾಸು! ಬರೀ 5 ಡೆಸಿಬೆಲ್‌ಗೆ ಮೂರು ಪಟ್ಟು ವ್ಯಾಟ್. ಎನ್‌ಎಸ್-10ರ ಸೆನ್ಸಿಟಿವಿಟಿ 90. ಅದಕ್ಕೆ ಒಂದು ಮೀಟರಿನಲ್ಲಿ ಇದೇ ಕೆಲಸಕ್ಕೆ 10 ವ್ಯಾಟ್ ಸಾಕು. ಇದೆಲ್ಲ ಒಂದೇ ಸ್ಪೀಕರಿನ ಲೆಕ್ಕ. ಎರಡು ಕೂಡಿದಾಗ ಸಿಗುವ ಹೆಚ್ಚಿನ ಸದ್ದನ್ನು ಉಳಿತಾಯ ಎಂದುಕೊಳ್ಳಿ.

ಒಂದು ಎಚ್ಚರಿಕೆ. ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನು ಒಂದು ವ್ಯಾಟಿಗೆ ಬದಲು 2.83 ವೋಲ್ಟಿಗೆ ಹೇಳುತ್ತವೆ. 8 ಓಮ್ ಸ್ಪೀಕರಿಗೆ ಎರಡೂ ಒಂದೇ. 4 ಓಮಿನದಕ್ಕೆ ಅದು ಎರಡು ವ್ಯಾಟ್ ಆಗುವುದರಿಂದ 3 ಡೆಸಿಬೆಲ್ ಕಳೆದು ನೋಡಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ಕೋಣೆಗೆ ಪ್ರತಿ ಚಾನೆಲ್ಲಿಗೆ 50ರಿಂದ 100 ವ್ಯಾಟಿನ ಒಳ್ಳೆಯ ಆಂಪ್ಲಿಫೈಯರ್ ಸಾಕು. ಸ್ಪೀಕರ್ 60 ವ್ಯಾಟಿನದ್ದಾದರೂ 100ಕ್ಕೆ ಹೆದರಬೇಕಿಲ್ಲ. ವಾಲ್ಯೂಮ್ ನಿಮ್ಮ ಕೈಯಲ್ಲೇ ಇದೆ. ಕೈ ಹಿಡಿತದಲ್ಲಿಲ್ಲದಿದ್ದರೆ ಸ್ಪೀಕರಿಗಿಂತ ಮೊದಲು ಕಿವಿಯ ಬಗ್ಗೆ ಯೋಚಿಸಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಸ್ಥೆ ನಿಯೋಷ್ ಹೇಳುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. 3 ಡೆಸಿಬೆಲ್ ಏರಿದರೆ ಸಮಯ ಅರ್ಧ. 94ಕ್ಕೆ ಉಳಿಯುವುದು ಒಂದೇ ಗಂಟೆ.

ಯಾವ ವ್ಯಾಟನ್ನು ನಂಬುವುದು?

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಪಿಎಂಪಿಒ ವ್ಯಾಟನ್ನಂತೂ ನಂಬಬೇಡಿ. ಅದನ್ನು ಅಳೆಯುವುದು ಹೇಗೆಂಬುದಕ್ಕೆ ಎಲ್ಲರೂ ಒಪ್ಪಿದ ಕ್ರಮವೇ ಇಲ್ಲ. ಹಿಂದಿನ ಲೇಬಲ್ಲಿನಲ್ಲಿ ‘ವಿದ್ಯುತ್ ಬಳಕೆ 60 ವ್ಯಾಟ್’ ಎಂದಿದ್ದರೆ ಮುಂದೆ 1000 ಎಂದು ಬರೆದದ್ದು ಜಾಹೀರಾತು, ಅಷ್ಟೇ. ಇಂಥ ಉತ್ಪ್ರೇಕ್ಷೆ ಭಾರತದ್ದೊಂದೇ ಅಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಇದಕ್ಕಾಗಿ ನಿಯಮ ತರಬೇಕಾಯಿತು. ನೀವು ನೋಡಬೇಕಾದದ್ದು ಎರಡೂ ಚಾನೆಲ್ ಒಟ್ಟಿಗೆ ನಡೆಯುವಾಗ, 8 ಓಮಿನಲ್ಲಿ, ಸತತವಾಗಿ ಎಷ್ಟು ವ್ಯಾಟ್, ಎಷ್ಟು ಶೇಕಡಾ ಡಿಸ್ಟಾರ್ಷನ್ ಎಂಬುದನ್ನು. ಶೇ. 0.1ರಲ್ಲಿ ಹೇಳಿದ 50 ವ್ಯಾಟೂ ಶೇ. 10ರಲ್ಲಿ ಹೇಳಿದ 50 ವ್ಯಾಟೂ ಒಂದೇ ಅಲ್ಲ. ಸ್ಪೀಕರ್ 4 ಓಮಿನದ್ದಾದರೆ ಆಂಪ್ಲಿಫೈಯರ್ 4 ಓಮನ್ನು ಒಪ್ಪುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಅದು ಕಾದು ಕೈಕೊಡುತ್ತದೆ.

ಸಭೆ, ಜಾತ್ರೆಗಳ ಮೈಕ್‌ಸೆಟ್ ಆಂಪ್ಲಿಫೈಯರನ್ನೇ ಜೋಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಅವು ದೂರದ ಹಾರ್ನ್‌ಗಳಿಗೆ ಮಾತು ಮುಟ್ಟಿಸಲು ಮಾಡಿದವು. ಹಲವು ಮೋನೋ. ಹಿಂದಿರುವ 70 ಅಥವಾ 100 ವೋಲ್ಟಿನ ಲೈನಿಗೆ ಮಾನಿಟರನ್ನು ನೇರವಾಗಿ ಜೋಡಿಸಲೇಬಾರದು. ದೊಡ್ಡ ಪಿಎ ಪವರ್ ಆಂಪ್ಲಿಫೈಯರುಗಳಲ್ಲಿ ವ್ಯಾಟಿಗೆ ಬರವಿಲ್ಲ, ಆದರೆ ಫ್ಯಾನ್ ಇರುತ್ತದೆ. ರಾತ್ರಿ ಜೀರುಂಡೆ ಬಿಟ್ಟರೆ ಬೇರೆ ಸದ್ದಿಲ್ಲದ ಊರಿನಲ್ಲಿ ಆ ಫ್ಯಾನಿನ ಗುಂಯ್‌ಗುಡುವಿಕೆ, ಸ್ಪೀಕರಿನ ‘ಸ್ಸ್’ ಸದ್ದು ಎರಡೂ ಎದ್ದು ಕೇಳುತ್ತವೆ. ಮಾನಿಟರಿಗೆ ಫ್ಯಾನಿಲ್ಲದ್ದೇ ಲೇಸು.

ದುಬಾರಿ ಸ್ಪೀಕರ್ ಕೇಬಲ್ಲಿಗೆ ಹಣ ಸುರಿಯಬೇಡಿ. ಮನೆ ವೈರಿಂಗಿನ 1.5 ಚದರ ಮಿ.ಮೀ. ತಾಮ್ರದ ತಂತಿಯನ್ನು ಮೂರು ಮೀಟರ್ ಎಳೆದರೆ, ಹೋಗಿ ಬರುವ ಎರಡೂ ಎಳೆ ಸೇರಿ ರೋಧ ಸುಮಾರು 0.07 ಓಮ್. ಅದು 8 ಓಮಿನ ಶೇ. 1ಕ್ಕಿಂತಲೂ ಕಡಿಮೆ.

ಕರೆಂಟ್, ಮಳೆ, ಅರ್ಥಿಂಗ್

ಜೋಡಿಸಿದ ಮೇಲೆ ‘ಹಮ್ಮ್’ ಎಂಬ ಸದ್ದು ಬಂದರೆ ಪ್ಲಗ್ಗಿನ ಮೂರನೆಯ ಪಿನ್ನನ್ನು ತೆಗೆದುಬಿಡಿ ಎಂಬ ಸಲಹೆ ಸಿಗುತ್ತದೆ. ಇದು ಅಪಾಯಕಾರಿ. ಒಳಗೆ ತಂತಿಯೊಂದು ಬಿಟ್ಟು ಪೆಟ್ಟಿಗೆಗೆ ತಾಗಿದರೆ ನಿಮ್ಮನ್ನು ಉಳಿಸುವುದು ಆ ಪಿನ್ನೇ. ಅದರ ಬದಲು ಲ್ಯಾಪ್‌ಟಾಪ್, ಇಂಟರ್‌ಫೇಸ್, ಆಂಪ್ಲಿಫೈಯರ್ ಎಲ್ಲಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ಇಂಟರ್‌ಫೇಸಿನಿಂದ ಆಂಪ್ಲಿಫೈಯರಿಗೆ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಚೌಕದಲೆಯ ಇನ್‌ವರ್ಟರಿನ ಮೇಲೆ ಹಮ್ ಬರುವುದುಂಟು. ಕರೆಂಟ್ ಬಂದ ಮೇಲೆ ಹೋದರೆ ತಲೆಕೆಡಿಸಿಕೊಳ್ಳಬೇಡಿ.

ಆನ್ ಮಾಡುವಾಗ ಆಂಪ್ಲಿಫೈಯರ್ ಕೊನೆಗೆ, ಆಫ್ ಮಾಡುವಾಗ ಮೊದಲು. ಕರೆಂಟ್ ಹೋದ ಕೂಡಲೇ ಅದರ ಸ್ವಿಚ್ ಆರಿಸಿಬಿಡಿ. ಇಲ್ಲದಿದ್ದರೆ ಮರಳಿ ಬರುವಾಗ ಎಲ್ಲವೂ ಒಟ್ಟಿಗೆ ಎಚ್ಚೆತ್ತು ಸ್ಪೀಕರಿಗೆ ‘ಧಡ್’ ಎಂದು ಹೊಡೆತ ಬೀಳುತ್ತದೆ. ಗುಡುಗು ಸಿಡಿಲಿನ ದಿನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡುವುದಕ್ಕಿಂತ ವಾರಕ್ಕೊಮ್ಮೆಯಾದರೂ ಒಂದು ಗಂಟೆ ಓಡಿಸುವುದು ಒಳ್ಳೆಯದು. ಒಳಗಿನ ಬಿಸಿಗೆ ತೇವ ಆರುತ್ತದೆ.

ಹಳೆಯ ಆಂಪ್ಲಿಫೈಯರ್ ಕೊಳ್ಳುವುದಾದರೆ ಸಾಧಾರಣ ಸ್ಪೀಕರೊಂದನ್ನು ಜೊತೆಗೆ ಒಯ್ಯಿರಿ. ನಿಮ್ಮ ಮಾನಿಟರನ್ನು ಒಯ್ಯಬೇಡಿ. ಹಾಡಿಲ್ಲದೆ ಆನ್ ಮಾಡಿ ವೂಫರಿನ ಕೋನನ್ನು ನೋಡಿ. ಅದು ಒಂದು ಕಡೆಗೆ ಜರುಗಿ ಅಲ್ಲೇ ನಿಂತರೆ ಡಿಸಿ ಬರುತ್ತಿದೆ ಎಂದರ್ಥ, ಆ ವ್ಯಾಪಾರ ಬೇಡ. ನಿಂತಲ್ಲೇ ಇದ್ದರೆ ಅರ್ಧ ಗಂಟೆ ಹಾಡು ಹಾಕಿ, ಎರಡೂ ಚಾನೆಲ್ ಒಂದೇ ಸಮ ಇವೆಯೇ, ವಾಲ್ಯೂಮ್ ತಿರುಗಿಸಿದಾಗ ಕರಕರ ಎನ್ನುತ್ತದೆಯೇ ಎಂದು ಕೇಳಿ, ಆಮೇಲೆ ದರದ ಮಾತಾಡಿ.