ಸೊನ್ನೆಯೋ, ಐನೂರೋ: ಡಿಎನ್‌ಎ ಎಳೆಗಳ ಕೊಂಡಿ ಮತ್ತು ಬೆಂಗಳೂರಿನ ಒಂದು ಮಾದರಿ

ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್ ಮತ್ತು ಎನ್. ಪಟ್ಟಾಭಿರಾಮನ್ ಅವರ ಲೇಖನವೊಂದು ಪ್ರಕಟವಾಯಿತು. ಡಿಎನ್‌ಎಯ ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡೇ ಇರಬೇಕಿಲ್ಲ. ಸ್ವಲ್ಪ ದೂರ ಬಲಕ್ಕೆ, ಮತ್ತೆ ಅಷ್ಟೇ ದೂರ ಎಡಕ್ಕೆ ತಿರುಗುತ್ತ ಅಕ್ಕಪಕ್ಕದಲ್ಲೇ ಸಾಗಬಹುದು ಎಂಬ ಸಾಧ್ಯತೆಯನ್ನು ಅದು ಮುಂದಿಟ್ಟಿತು. ಅದೇ ವರ್ಷ ನ್ಯೂಜಿಲೆಂಡಿನ ರಾಡ್ಲಿ ಮತ್ತು ಸಂಗಡಿಗರೂ ಇಂಥದೇ ಮಾದರಿಯನ್ನು ಪ್ರಕಟಿಸಿದರು. ಇವತ್ತು ತಿಲಕ್ ನಗರದ, ಜಯನಗರದ ಪಿಯುಸಿ ವಿದ್ಯಾರ್ಥಿಗಳಿಗೆ ಜೋಡಿಸುರುಳಿ ಪ್ರಶ್ನೆಯೇ ಇಲ್ಲದ ಸತ್ಯ. ಅದೇ ಊರಿನ ಪ್ರಯೋಗಾಲಯವೊಂದು ಆ ಸತ್ಯವನ್ನು ಗಂಭೀರವಾಗಿ ಪ್ರಶ್ನಿಸಿತ್ತು. ಆ ಪ್ರಶ್ನೆಗೆ ತೀರ್ಪು ಕೊಟ್ಟದ್ದು ಎಕ್ಸ್-ರೇ ಚಿತ್ರಕ್ಕಿಂತ ಹೆಚ್ಚಾಗಿ ಒಂದು ಪೂರ್ಣಾಂಕ ಎಂಬುದು ಈ ಲೇಖನದ ವಾದ.

ಶಶಿಶೇಖರನ್ ಹೊಸಬರೇನಲ್ಲ. ಪ್ರೋಟೀನ್ ರಚನೆಯ ಅಧ್ಯಯನಕ್ಕೆ ಅಡಿಪಾಯವಾದ 1963ರ ರಾಮಚಂದ್ರನ್ ನಕ್ಷೆಯ ಮೂವರು ಕರ್ತೃಗಳಲ್ಲಿ ಅವರೂ ಒಬ್ಬರು. ಅವರನ್ನು ಕಾಡಿದ್ದು ಬಿಚ್ಚುವ ಸಮಸ್ಯೆ. ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಹೇಳಿದ ಸುರುಳಿಯಲ್ಲಿ ಸುಮಾರು 10 ಬೇಸ್ ಜೋಡಿಗಳಿಗೆ ಒಂದು ಸುತ್ತು. ಇ. ಕೋಲಿ ಬ್ಯಾಕ್ಟೀರಿಯಾದ ಒಂದೇ ಡಿಎನ್‌ಎಯಲ್ಲಿ 4 ಲಕ್ಷಕ್ಕೂ ಹೆಚ್ಚು ಸುತ್ತುಗಳಾದವು. ಕೋಶ ಇಬ್ಭಾಗವಾಗುವ ಮೊದಲು ಇಷ್ಟನ್ನೂ ಬಿಚ್ಚಬೇಕು. ಸುತ್ತೇ ಇಲ್ಲವಾದರೆ ಬಿಚ್ಚುವ ಕೆಲಸವೂ ಇಲ್ಲ. ನಾರಿನ ರೂಪದ ಡಿಎನ್‌ಎಯಿಂದ ಬರುವ ಎಕ್ಸ್-ರೇ ಚಿತ್ರ ಒಂದೇ ರಚನೆಯನ್ನು ಖಚಿತವಾಗಿ ಬೆರಳು ಮಾಡಿ ತೋರಿಸುವಷ್ಟು ಸ್ಪಷ್ಟವಲ್ಲವಾದ್ದರಿಂದ ಈ ಅನುಮಾನಕ್ಕೆ ಆಗ ಜಾಗವೂ ಇತ್ತು.

ಇಲ್ಲಿಂದ ಗಣಿತಕ್ಕೆ ಬರೋಣ. ಎರಡು ಮುಚ್ಚಿದ ಬಳೆಗಳು ಒಂದನ್ನೊಂದು ಎಷ್ಟು ಸಲ ಸುತ್ತಿವೆ ಎಂದು ಎಣಿಸುವ ಕೊಂಡಿ ಸಂಖ್ಯೆಯನ್ನು ಗೌಸ್ 1833ರ ಟಿಪ್ಪಣಿಯೊಂದರಲ್ಲಿ ಸಮಾಕಲನದ ರೂಪದಲ್ಲಿ ಬರೆದಿಟ್ಟಿದ್ದ. ಬಳೆಗಳನ್ನು ಹೇಗೆ ಹಿಗ್ಗಿಸಿ ಬಗ್ಗಿಸಿದರೂ, ಕತ್ತರಿಸದ ಹೊರತು, ಅದು ಬದಲಾಗದು. ಆದರೆ ಈ ಸಂಖ್ಯೆ ಕೊಂಡಿಯ ಬಗ್ಗೆ ಎಲ್ಲವನ್ನೂ ಹೇಳುತ್ತದೆಯೇ? ಇದಕ್ಕೆ ನಿಖರವಾದ ಉತ್ತರ ಕೊಟ್ಟವನು ಜಾನ್ ಮಿಲ್ನರ್. ಪ್ರಿನ್ಸ್‌ಟನ್‌ನಲ್ಲಿ ಪದವಿ ವಿದ್ಯಾರ್ಥಿಯಾಗಿದ್ದಾಗ ರಾಲ್ಫ್ ಫಾಕ್ಸ್ ಮಾರ್ಗದರ್ಶನದಲ್ಲಿ ಮಾಡಿದ ಕೆಲಸವನ್ನು ಅವನು 1954ರಲ್ಲಿ ಪ್ರಕಟಿಸಿದ. ಕೊಂಡಿ-ಹೋಮೋಟೊಪಿ ಎಂಬ ಹೊಸ ಸಡಿಲಿಕೆಯನ್ನು ಅದರಲ್ಲಿ ಪರಿಚಯಿಸಿದ: ಒಂದು ಬಳೆ ತನ್ನನ್ನು ತಾನೇ ಹಾಯ್ದುಹೋಗಬಹುದು, ಬೇರೆ ಬಳೆಯನ್ನು ಮಾತ್ರ ಹಾಯುವಂತಿಲ್ಲ. ಹೀಗೆ ಮಾಡಿದರೆ ಪ್ರತಿ ಬಳೆಯ ಸ್ವಂತ ಗಂಟುಗಳೆಲ್ಲ ಕರಗಿಹೋಗಿ, ಬಳೆಗಳ ನಡುವಿನ ಸಂಬಂಧ ಮಾತ್ರ ಉಳಿಯುತ್ತದೆ. ವೈಟ್‌ಹೆಡ್ ಕೊಂಡಿಯನ್ನು ಸಾಮಾನ್ಯ ರೀತಿಯಲ್ಲಿ ಬಿಡಿಸಲು ಬಾರದು. ಈ ನಿಯಮದಲ್ಲಿ ಅದು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಕೊಂಡಿಯ ಸುತ್ತಲಿನ ಬಯಲಿನ ಮೂಲಭೂತ ಗುಂಪನ್ನು ತೆಗೆದುಕೊಂಡು, ಪ್ರತಿ ಬಳೆಯನ್ನು ಸುತ್ತುವ ಕುಣಿಕೆಯೂ ಅದರ ಎಲ್ಲ ಸಹವರ್ತಿ ರೂಪಗಳೂ ಪರಸ್ಪರ ಕ್ರಮವಿನಿಮಯಿಸುವಂತೆ ಮಾಡಿದರೆ ಮಿಲ್ನರನ ‘ಕೊಂಡಿ ಗುಂಪು’ ಸಿಗುತ್ತದೆ.

ಫಲಿತಾಂಶದ ಅಂದ ಇಲ್ಲಿದೆ. ಬಳೆಗಳು ಎರಡೇ ಆದರೆ ಕೊಂಡಿ ಸಂಖ್ಯೆಯೊಂದೇ ಸಾಕು. ಅದು ಸಮಾನವಾಗಿರುವ ಯಾವುದೇ ಎರಡು ಕೊಂಡಿಗಳನ್ನು ಹೋಮೋಟೊಪಿಯಿಂದ ಒಂದರಿಂದ ಇನ್ನೊಂದಕ್ಕೆ ಒಯ್ಯಬಹುದು. ಮೂರಾದರೆ ಸಾಲದು. ಬೊರೋಮಿಯನ್ ಬಳೆಗಳಲ್ಲಿ ಯಾವ ಎರಡನ್ನು ನೋಡಿದರೂ ಕೊಂಡಿ ಸಂಖ್ಯೆ ಸೊನ್ನೆ, ಆದರೂ ಮೂರೂ ಬಿಡದೆ ಹಿಡಿದುಕೊಂಡಿವೆ. ಅದನ್ನು ಪತ್ತೆಹಚ್ಚಲು ಮಿಲ್ನರನ ತ್ರಿವಳಿ ಸಂಖ್ಯೆ ಬೇಕು. ನಾಲ್ಕು ಬಳೆಗಳ ವರ್ಗೀಕರಣ ಲೆವೀನ್ ಅವರಿಂದ 1988ರಲ್ಲಿ, ಎಷ್ಟೇ ಬಳೆಗಳಿಗೂ ಸಲ್ಲುವ ವರ್ಗೀಕರಣ ಹ್ಯಾಬೆಗರ್ ಮತ್ತು ಲಿನ್ ಅವರಿಂದ 1990ರಲ್ಲಿ ಬಂತು.

ಡಿಎನ್‌ಎಯಲ್ಲಿರುವುದು ಎರಡೇ ಎಳೆ. ಪಾಲಿಯೋಮಾ, ಎಸ್‌ವಿ40ಯಂಥ ವೈರಸ್‌ಗಳಲ್ಲಿ ಆ ಎರಡೂ ಮುಚ್ಚಿದ ಬಳೆಗಳು ಎಂಬುದು 1960ರ ದಶಕದಲ್ಲೇ ವಿನೋಗ್ರಾಡ್ ಮೊದಲಾದವರ ಕೆಲಸದಿಂದ ಗೊತ್ತಾಗಿತ್ತು. ಹಾಗಾಗಿ ಬೆಂಗಳೂರಿನ ಪ್ರಶ್ನೆ ಗಣಿತದ ಭಾಷೆಯಲ್ಲಿ ತೀರ ಚಿಕ್ಕದಾಗುತ್ತದೆ. ಸುಮಾರು 5,200 ಬೇಸ್ ಜೋಡಿಗಳ ಎಸ್‌ವಿ40 ಬಳೆಯ ಕೊಂಡಿ ಸಂಖ್ಯೆ ಜೋಡಿಸುರುಳಿಯ ಪ್ರಕಾರ 500ರ ಆಸುಪಾಸು. ಬಲ-ಎಡ ಸರಿದೂಗುವ ಮಾದರಿಯ ಪ್ರಕಾರ ಸೊನ್ನೆ ಅಥವಾ ಅದರ ಹತ್ತಿರ. ನಡುವೆ ರಾಜಿಯಿಲ್ಲ.

1979ರಲ್ಲಿ ಕ್ರಿಕ್, ಜೇಮ್ಸ್ ವಾಂಗ್ ಮತ್ತು ಬಾವರ್ ‘ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ’ಯಲ್ಲಿ ಈ ಮಾದರಿಗಳನ್ನು ಹೆಸರಿಸಿ, ಡಿಎನ್‌ಎ ನಿಜಕ್ಕೂ ಜೋಡಿಸುರುಳಿಯೇ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಬರೆದರು. ಅವರ ಸಾಕ್ಷ್ಯಗಳಲ್ಲಿ ನನಗೆ ಅತ್ಯಂತ ಬಲವಾಗಿ ಕಾಣುವುದು ಸ್ಟೆಟ್ಲರ್ ಮತ್ತು ಸಂಗಡಿಗರು ತಯಾರಿಸಿದ ‘ಐದನೇ ರೂಪ’ದ ಡಿಎನ್‌ಎ. ಒಂದಕ್ಕೊಂದು ಪೂರಕವಾದ ಎರಡು ಒಂಟಿ ಎಳೆಗಳನ್ನು ಮೊದಲೇ ಬೇರೆಬೇರೆ ಬಳೆಗಳಾಗಿ ಮುಚ್ಚಿ, ಆಮೇಲೆ ಕೂಡಿಸಿದರೆ ಅವುಗಳ ಕೊಂಡಿ ಸಂಖ್ಯೆ ಸೊನ್ನೆಯೇ ಆಗಿರಬೇಕು. ಯಾವ ಬಗ್ಗುವಿಕೆಯೂ ಅದನ್ನು ಬದಲಿಸದು. ಸಹಜ ಡಿಎನ್‌ಎ ಅಕ್ಕಪಕ್ಕದ ಮಾದರಿಯದಾಗಿದ್ದರೆ, ಹೀಗೆ ತಯಾರಾದದ್ದು ಸಡಿಲವಾದ ಸಹಜ ಬಳೆಯಂತೆಯೇ ವರ್ತಿಸಬೇಕಿತ್ತು. ಹಾಗಾಗಲಿಲ್ಲ. ಅದು ತೀರ ಬೇರೆಯೇ, ಬಿಗಿದುಕೊಂಡ ವಸ್ತುವಾಗಿತ್ತು. ಅದೇ ವರ್ಷ ವಾಂಗ್ ಜೆಲ್ ಪಟ್ಟಿಗಳ ಸರಿದಾಟದಿಂದ ದ್ರಾವಣದಲ್ಲಿರುವ ಡಿಎನ್‌ಎಗೆ ಸುತ್ತಿಗೆ ಸುಮಾರು 10.4 ಬೇಸ್ ಜೋಡಿ ಎಂದು ಅಳೆದು ತೋರಿಸಿದರು.

ಹಾಗಾದರೆ ಬಿಚ್ಚುವ ಸಮಸ್ಯೆ? ಅದಕ್ಕೆ ಉತ್ತರವಾಗಿ ಕಿಣ್ವಗಳು ಸಿಕ್ಕಿದ್ದವು: ವಾಂಗ್ 1971ರಲ್ಲಿ ಮೊದಲ ಟೊಪೊಐಸೊಮರೇಸನ್ನು, ಗೆಲ್ಲರ್ಟ್ ತಂಡ 1976ರಲ್ಲಿ ಗೈರೇಸನ್ನು ಕಂಡುಹಿಡಿದಿತ್ತು. ಗೈರೇಸ್ ಕೊಂಡಿ ಸಂಖ್ಯೆಯನ್ನು ಎರಡೆರಡಾಗಿ ಬದಲಿಸುತ್ತದೆ ಎಂದು ಬ್ರೌನ್ ಮತ್ತು ಕೊಜ್ಜರೆಲ್ಲಿ 1979ರಲ್ಲಿ ತೋರಿಸಿದರು. ಎರಡೇ ಯಾಕೆ ಎಂಬುದನ್ನು ಮಿಲ್ನರನ ಕಣ್ಣಿನಿಂದ ನೋಡಿದರೆ ತಿಳಿಯಾಗುತ್ತದೆ. ಬಳೆಯ ಒಂದು ಕಡೆ ಜೋಡಿಯೆಳೆಯನ್ನು ಕತ್ತರಿಸಿ ಅದರ ಮೂಲಕ ಅದೇ ಬಳೆಯ ಇನ್ನೊಂದು ಭಾಗದ ಜೋಡಿಯೆಳೆಯನ್ನು ದಾಟಿಸುವಾಗ ನಾಲ್ಕು ದಾಟುಗಳು ನಡೆಯುತ್ತವೆ. ಅವುಗಳಲ್ಲಿ ಎರಡು, ಎಳೆ ತನ್ನನ್ನು ತಾನೇ ದಾಟುವಂಥವು. ಹೋಮೋಟೊಪಿ ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಉಳಿದ ಎರಡು, ಒಂದು ಎಳೆ ಇನ್ನೊಂದನ್ನು ದಾಟುವಂಥವು. ಒಂದೊಂದೂ ಒಂದರಷ್ಟು, ಒಂದೇ ದಿಕ್ಕಿನಲ್ಲಿ, ಸಂಖ್ಯೆಯನ್ನು ಕದಲಿಸುತ್ತದೆ.

ಮಾದರಿ ಬಿದ್ದುಹೋಯಿತು ಎಂದು ಒಂದೇ ಸಾಲಿನಲ್ಲಿ ಮುಗಿಸುವ ಇತಿಹಾಸಗಳು ಬೆಂಗಳೂರಿನ ಕೆಲಸಕ್ಕೆ ನ್ಯಾಯ ಮಾಡುವುದಿಲ್ಲ. ಸುರುಳಿ ಬಲಕ್ಕೇ ತಿರುಗಬೇಕೆಂಬ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಶಶಿಶೇಖರನ್ ಗುಂಪು ಮುಂಚೂಣಿಯಲ್ಲಿತ್ತು. ಎಡಸುತ್ತಿನ ಝಡ್-ಡಿಎನ್‌ಎಯ ಹರಳು ರಚನೆ 1979ರಲ್ಲಿ ಬಂತು. ಗೌತಮ್ ಗುಪ್ತ, ಮಂಜು ಬನ್ಸಲ್ ಮತ್ತು ಶಶಿಶೇಖರನ್ 1980ರಲ್ಲಿ ಡಿಎನ್‌ಎಯ ಬಹುರೂಪತೆ ಮತ್ತು ಸುತ್ತಿನ ದಿಕ್ಕಿನ ಬಗ್ಗೆ ಮತ್ತೆ ಬರೆದರು. ಐದನೇ ರೂಪದ ಅಧ್ಯಯನವೂ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂತು. ಕೊಂಡಿ ಸಂಖ್ಯೆ ಸೊನ್ನೆಯಾಗಿರುವ ಎರಡು ಬಳೆಗಳು ಉದ್ದಕ್ಕೂ ಜೋಡಿಯಾಗಬೇಕಾದರೆ ಬಲಸುತ್ತುಗಳನ್ನು ಸರಿದೂಗಿಸಲು ಎಲ್ಲೋ ಎಡಸುತ್ತುಗಳು, ಇಲ್ಲವೇ ಬಳೆಯ ಒಟ್ಟಾರೆ ಹೊರಳಿಕೆ ಬೇಕೇ ಬೇಕು. ಸಮೀರ್ ಬ್ರಹ್ಮಚಾರಿ ಮತ್ತು ಸಹೋದ್ಯೋಗಿಗಳು 1987ರಲ್ಲಿ ಮೀಥೈಲ್ ಸೇರಿಸುವ ಕಿಣ್ವಗಳನ್ನು ಬಳಸಿ, ಆ ಬಳೆಯಲ್ಲಿ ಮಾಮೂಲು ಬಲಸುರುಳಿಯನ್ನು ಬಿಟ್ಟುಕೊಡುವ ಬೇಸ್ ಅನುಕ್ರಮಗಳು ಯಾವುವು ಎಂದು ಹುಡುಕಿದರು.